ನಾಗಲಾಪುರದ ಕೆರೆಯೂ ಹೊಸಪೇಟೆ ಪ್ರದೇಶದ ಆರ್ಥಿಕ ಗುರಿಗಳೂ

ನಗರವನ್ನೂ ಅದನ್ನು ಪೋಷಿಸುವ ಸುತ್ತಣ ನಾಡನ್ನೂ ಒಂದಾಗಿ ಎಣಿಸಿ ಆರ್ಥಿಕ ಗುರಿಗಳನ್ನು ಗೊತ್ತುಪಡಿಸುವುದು ಆಧುನಿಕ ಯೋಜನಾಶಾಸ್ತ್ರದ ಕಲ್ಪನೆಯೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳ ಚರಿತ್ರೆಯನ್ನು ಪರಿಶೀಲಿಸಿದರೆ ಈ ಭಾವನೆ ನಿಲ್ಲುವುದಿಲ್ಲ. ಇಲ್ಲಿ ಗುರಿಯನ್ನು ಗೊತ್ತುಪಡಿಸಿದವರು ಯಾರು, ಎಷ್ಟು ಪ್ರದೇಶಕ್ಕೆ, ಎಷ್ಟು ಕಾಲಕ್ಕೆ ಎಂಬ ಮೂರು ಪ್ರಶ್ನೆಗಳನ್ನು ನಾವು ವಿವೇಚಿಸುತ್ತೇವೆ.

ಕೃಷ್ಣದೇವರಾಯನು (1509–1529) ಕಟ್ಟಿಸಿದ ನಾಗಲಾಪುರವೇ ಇಂದಿನ ಹೊಸಪೇಟೆ. ಸುಮಾರು 1535ರಲ್ಲಿ ಬರೆದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜನು ಇಲ್ಲಿಯ ದೊಡ್ಡ ಕೆರೆಯನ್ನು ವರ್ಣಿಸಿದ್ದಾನೆ. ಕೆರೆಯ ನೀರು ಹರಿಯುವ ಭೂಮಿಯನ್ನು ರಾಯನು ಒಂಬತ್ತು ವರ್ಷ ತೆರಿಗೆಯಿಲ್ಲದೆ ರೈತರಿಗೆ ಬಿಟ್ಟುಕೊಟ್ಟನೆಂದೂ, ಬಳಿಕ ಅದರ ಹುಟ್ಟುವಳಿ 20,000 ಪರ್ದಾವ್ ಹೊನ್ನಿಗೆ ಏರಿತೆಂದೂ ಅವನು ತಿಳಿಸುತ್ತಾನೆ. ಮೊದಲು ಸಾಗುವಳಿ, ಆಮೇಲೆ ಕಂದಾಯ; ಇದು ಅವಧಿ ಸಹಿತವಾದ ಸ್ಪಷ್ಟ ಗುರಿ. ಆದರೆ ಇದನ್ನು ಆದರ್ಶವೆಂದು ಕೊಂಡಾಡಲಾಗದು. ಏರಿ ನಿಲ್ಲದಿದ್ದಾಗ ಸೆರೆಯಾಳುಗಳನ್ನು ಬಲಿಕೊಟ್ಟರೆಂದು ಬರೆದವನೂ ಅವನೇ.

ರಾಯರ ಕಾಲದ ಕಾಲುವೆಗಳು, ಕಂಪ್ಲಿಯ ಕಾಲುವೆಯೂ ಸೇರಿ, ನದಿಗೆ ಹತ್ತಿರವಾದ ನೆಲಕ್ಕೆ ನೀರುಣಿಸಿದವು. ದೂರದ ಒಣಭೂಮಿ ಬರಕ್ಕೆ ತುತ್ತಾಗುತ್ತಲೇ ಇದ್ದಿತು. 1876–78ರ ಕ್ಷಾಮದಲ್ಲಿ ಬಳ್ಳಾರಿ ಸೀಮೆ ತೀವ್ರವಾಗಿ ನೊಂದಿತು. 1945ರಲ್ಲಿ ಮದರಾಸು ಹಾಗೂ ಹೈದರಾಬಾದು ಸರ್ಕಾರಗಳು ಕೂಡಿ ಆರಂಭಿಸಿದ ತುಂಗಭದ್ರಾ ಅಣೆಕಟ್ಟು ಈ ಕ್ಷಾಮನಿವಾರಣೆಯ ಗುರಿಗೆ ಸೇರಿದ್ದು. 1953ರಲ್ಲಿ ನೀರು ಹರಿಯಿತು. ಕಾಲವು ಈ ಗುರಿಯನ್ನೂ ಪರೀಕ್ಷಿಸಿತು. ಸುಮಾರು 133 ಶತಕೋಟಿ ಘನ ಅಡಿಯಷ್ಟಿದ್ದ ಸಂಗ್ರಹಸಾಮರ್ಥ್ಯ ಹೂಳಿನಿಂದ ಸುಮಾರು 105ಕ್ಕೆ ಇಳಿಯಿತು. 2024ರ ಆಗಸ್ಟಿನಲ್ಲಿ 19ನೆಯ ಗೇಟು ಕೊಚ್ಚಿಹೋಯಿತು.

1949ರಲ್ಲಿ ಮದರಾಸು ಪ್ರಾಂತದಲ್ಲಿ ವಿಲೀನವಾದ ಸಂಡೂರು ಸಂಸ್ಥಾನದ ಬೆಟ್ಟಗಳಲ್ಲಿ ಗುರಿಯೇ ಬೇರೆ. ಈ ಶತಮಾನದ ಮೊದಲ ದಶಕದಲ್ಲಿ ಕಬ್ಬಿಣದ ಅದಿರಿನ ರಫ್ತು ಮಿತಿಮೀರಿತು. 2011ರ ಜುಲೈ ಕೊನೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯಿತು. 2013ರಲ್ಲಿ ವಾರ್ಷಿಕ ಉತ್ಪಾದನೆಗೆ ಮಿತಿಯನ್ನು ಸ್ಥಿರಪಡಿಸಿತು. ಅದೇ ಜುಲೈ ಕೊನೆಯಲ್ಲಿ ಹಂಪಿಯ ಬಜಾರಿನಲ್ಲಿ ವಾಸ, ವ್ಯಾಪಾರಗಳನ್ನು ನಡೆಸುತ್ತಿದ್ದ ಕುಟುಂಬಗಳನ್ನು ಸ್ಮಾರಕ ರಕ್ಷಣೆಯ ಹೆಸರಿನಲ್ಲಿ ತೆರವುಗೊಳಿಸಲಾಯಿತು. ಎರಡೂ ಕ್ರಮಗಳಿಗೆ ಕಾರಣಗಳಿದ್ದವು. ಆದರೆ ಗಣಿಯ ಕೂಲಿಯೂ ಬಜಾರಿನ ಅಂಗಡಿಯೂ ಒಂದೇ ಪ್ರದೇಶದ ಜೀವನೋಪಾಯಗಳೆಂದು ಒಟ್ಟಾಗಿ ಎಣಿಸುವ ಸಂಸ್ಥೆಯೊಂದು ಇರಲಿಲ್ಲ.

ಈ ಕೊರತೆಯ ಮೂಲ ಆಡಳಿತರಚನೆಯಲ್ಲಿದೆ. 2021ರಲ್ಲಿ ವಿಜಯನಗರ ಜಿಲ್ಲೆ ರಚಿತವಾದಾಗ ಹೊಸಪೇಟೆ, ಹಂಪಿಗಳು ಅದಕ್ಕೆ ಸೇರಿದವು. ಸಂಡೂರು, ಕಂಪ್ಲಿಗಳು ಬಳ್ಳಾರಿಯಲ್ಲೇ ಉಳಿದವು. 1992ರ ಸಂವಿಧಾನ ತಿದ್ದುಪಡಿಯು ಜಿಲ್ಲೆಗಳ ಎಲ್ಲೆಯನ್ನು ದಾಟಬಲ್ಲ ಮಹಾನಗರ ಯೋಜನಾ ಸಮಿತಿಗೆ ಅವಕಾಶವಿತ್ತಿದೆ. ಆದರೆ ಅದು 10 ಲಕ್ಷ ಜನಸಂಖ್ಯೆಯುಳ್ಳ ಪ್ರದೇಶಕ್ಕೆ ಮಾತ್ರ. 2011ರ ಜನಗಣತಿಯಂತೆ ಹೊಸಪೇಟೆಯ ಜನಸಂಖ್ಯೆ 2 ಲಕ್ಷವನ್ನು ಸ್ವಲ್ಪ ಮೀರಿತ್ತು. ಆದಕಾರಣ ಇಲ್ಲಿಯ ಗುರಿಗಳು ಎರಡು ಜಿಲ್ಲಾ ಯೋಜನಾ ಸಮಿತಿಗಳ ಪಾಲಾಗಿವೆ.

ಎಲ್ಲೆ ಮೀರಿದ ಸಂಸ್ಥೆ ಈ ನಾಡಿಗೆ ಹೊಸತಲ್ಲ. ರಾಜ್ಯಗಳ ನಡುವೆ ನೀರು ಹಂಚಲು 1953ರಿಂದ ತುಂಗಭದ್ರಾ ಮಂಡಳಿಯಿದೆ. 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಹಂಪಿ 1999ರಲ್ಲಿ ಅಪಾಯದ ಪಟ್ಟಿಗೂ ಸೇರಿದ ಮೇಲೆ, ನದಿಯಾಚೆ ಕೊಪ್ಪಳ ಜಿಲ್ಲೆಯ ಆನೆಗೊಂದಿಯನ್ನೂ ಒಳಗೊಂಡ ಪ್ರಾಧಿಕಾರವೊಂದು ಏರ್ಪಟ್ಟಿತು. ನೀರಿಗೂ ಕಲ್ಲಿಗೂ ದೊರೆತ ಈ ಏರ್ಪಾಡು ದುಡಿಮೆಗೆ ದೊರೆತಿಲ್ಲ.

ಆದುದರಿಂದ ಎರಡು ಜಿಲ್ಲಾ ಸಮಿತಿಗಳು ಈ ನಾಲ್ಕು ಸ್ಥಳಗಳಿಗಾಗಿಯಾದರೂ ಕೂಡಿ ಗುರಿಗಳನ್ನು ಗೊತ್ತುಪಡಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ. ಅದಿರಿನ ಪ್ರಮಾಣ, ಪ್ರವಾಸಿಗರ ಸಂಖ್ಯೆಗಳಷ್ಟೇ ಗುರಿಯಾಗಬಾರದು. ಗಣಿ ನಿಂತ ಊರಿನ ದುಡಿಮೆ, ಹೂಳು ತುಂಬಿದ ಜಲಾಶಯದ ಕೆಳಗಣ ಬೆಳೆ, ಸ್ಥಳಾಂತರಗೊಂಡವರ ಆದಾಯ ಇವೂ ಲೆಕ್ಕಕ್ಕೆ ಬರಬೇಕು. ಫಲ ಕೈಗೆ ಬರುವ ಮೊದಲು ಜನರಿಗೆ ಕಾಲಾವಕಾಶ ಬೇಕೆಂಬುದನ್ನು ನಾಗಲಾಪುರದ ಆ ಒಂಬತ್ತು ವರ್ಷಗಳಿಂದ ಇಂದಿಗೂ ಕಲಿಯಬಹುದು.