ತಿದ್ದುವ ಬೆರಳು

ದಸರೆಯ ದಿನ ನಾಗಪುರದ ಮರಾಠಿ ಮನೆಗಳಲ್ಲಿ ಪಾಟಿಪೂಜೆ. ಪಾಟಿ ಎಂದರೆ ಸ್ಲೇಟು. ಅದರ ಮೇಲೆ ಒಂದು ಎಂಬ ಅಂಕಿಯನ್ನೇ ಸಾಲುಸಾಲಾಗಿ ಬರೆದು ಸರಸ್ವತಿಯ ಆಕೃತಿ ಮೂಡಿಸಿ, ಹೂವು, ಅರಿಶಿನ, ಕುಂಕುಮ ಏರಿಸುತ್ತಾರೆ. ಬ್ಯಾಂಕು, ರೈಲ್ವೆಗಳ ವರ್ಗಾವಣೆಯಲ್ಲಿ ಬಂದು ಇಲ್ಲಿ ನಿಂತ ಕನ್ನಡದ ಮನೆಗಳಲ್ಲಿ ಅದೇ ಹೊತ್ತಿಗೆ ತಟ್ಟೆಗೆ ಅಕ್ಕಿ ಹರಡಿ, ಅಜ್ಜನೋ ಅಪ್ಪನೋ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅದರ ತೋರುಬೆರಳು ಹಿಡಿದು ಓಂಕಾರ ಬರೆಸುತ್ತಿರುತ್ತಾರೆ. ಹಬ್ಬ ಕಳೆದ ಮೇಲೆ ಎರಡೂ ಮನೆಯ ಮಕ್ಕಳ ಕೈಗೆ ಬರುವುದು ಒಂದೇ ವಸ್ತು: ಚುಕ್ಕಿ ಚುಕ್ಕಿಯಾಗಿ ಅಕ್ಷರ ಅಚ್ಚಾದ ವರ್ಕ್‌ಬುಕ್ಕು. ಪುಟಕ್ಕೆ ನಾಲ್ಕು ಸಾಲು, ಸಾಲಿಗೆ ಆರು ಅಕ್ಷರ, ಎಲ್ಲದರ ಮೇಲೂ ಪೆನ್ಸಿಲ್ ಓಡಿಸಬೇಕು.

ಕನ್ನಡದಲ್ಲಿ ಇದಕ್ಕೆ ತಿದ್ದುವುದು ಎನ್ನುತ್ತೇವೆ. ತಪ್ಪನ್ನು ಸರಿಮಾಡುವುದಕ್ಕೂ ಅದೇ ಮಾತು, ಬರೆದದ್ದರ ಮೇಲೆ ಮತ್ತೆ ಬರೆಯುವುದಕ್ಕೂ ಅದೇ ಮಾತು. ಮರಾಠಿಯವರದು ಗಿರವಣೇ. ಮೇಲ್ಪಂಕ್ತಿ ಹಾಕಿಕೊಟ್ಟ ಪುಸ್ತಕಕ್ಕೆ ಅವರು ಕಿತ್ತಾ ಎನ್ನುತ್ತಾರೆ. ಹಿರಿಯರೊಬ್ಬರ ದಾರಿ ಹಿಡಿದು ನಡೆದರೆ ಅವರ ಕಿತ್ತಾ ಗಿರವಿದ ಎಂಬ ನುಡಿಗಟ್ಟೇ ಇದೆ. ಕಿತ್ತಾಕ್ಕಿಂತ ಹಳೆಯದು ಧೂಳಪಾಟಿ. ಹಲಗೆಯ ಮೇಲೆ ಸಣ್ಣ ಧೂಳು ಹರಡಿ ಬೆರಳಿನಿಂದ ಬರೆಸುತ್ತಿದ್ದರು. ಆ ಅಕ್ಷರಗಳ ಹೆಸರೂ ಧುಳಾಕ್ಷರ. ಎರಡು ನುಡಿಯವರೂ ಮೊದಲ ಪಾಠಕ್ಕೆ ಓನಾಮ ಎಂದೇ ಕರೆದರು. ಓಂ ನಮಃ ಸಿದ್ಧಂ ಎಂಬುದು ಬಾಯಿಂದ ಬಾಯಿಗೆ ಸವೆದು ಉಳಿದ ರೂಪ ಅದು.

ಧೂಳಿನ ಬರಹವನ್ನು ಹೊರಗಿನವರು ಕಂಡು ಬರೆದಿಟ್ಟ ಹಳೆಯ ದಾಖಲೆಗಳಲ್ಲಿ ಒಂದು ನಮ್ಮ ಮಲೆನಾಡಿನದು. ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಇಕ್ಕೇರಿಗೆ ಹೋಗುವ ದಾರಿಯಲ್ಲಿ ಗುಡಿಯೊಂದರ ಜಗಲಿಯಲ್ಲಿ ತಂಗಿದ್ದಾಗ, ಹುಡುಗರು ಲೆಕ್ಕ ಕಲಿಯುವುದನ್ನು ಕುತೂಹಲದಿಂದ ನೋಡಿದ. ಒಬ್ಬ ರಾಗವಾಗಿ ಹೇಳುತ್ತಾನೆ. ಹೇಳುತ್ತಲೇ ನೆಲದ ನುಣ್ಣನೆಯ ಮರಳಿನ ಮೇಲೆ ಬೆರಳಿನಿಂದ ಬರೆಯುತ್ತಾನೆ. ಉಳಿದವರು ಹಾಗೆಯೇ ಹೇಳಿ ಹಾಗೆಯೇ ಬರೆಯುತ್ತಾರೆ. ನೆಲ ತುಂಬಿದರೆ ಅಳಿಸಿ, ಬೇಕಾದರೆ ಹೊಸ ಮರಳು ಹರಡುತ್ತಾರೆ. ಬಾಯಿ, ಕಿವಿ, ಬೆರಳು, ಕಣ್ಣು ಒಟ್ಟಿಗೆ ದುಡಿಯುವ ಈ ವಿಧಾನಕ್ಕೆ ಮುಂದೆ ಬೇರೆ ದೇಶಗಳಲ್ಲಿ ದೊಡ್ಡ ಹೆಸರುಗಳು ಬಂದವು. ಇಲ್ಲಿ ಅದು ಬರೀ ಓದುಬರಹವಾಗಿತ್ತು.

1789ರಲ್ಲಿ ಮದ್ರಾಸಿನ ಎಗ್ಮೋರಿನ ಅನಾಥಾಲಯವನ್ನು ನೋಡಿಕೊಳ್ಳಲು ಬಂದ ಆ್ಯಂಡ್ರೂ ಬೆಲ್ ಎಂಬ ಪಾದ್ರಿಗೂ ಇದೇ ನೋಟ ಕಂಡಿತು. ಊರಿನ ಶಾಲೆಯ ಮಕ್ಕಳು ನೆಲದ ಮೇಲೆ ಕೂತು ಮರಳಿನಲ್ಲಿ ಬೆರಳಾಡಿಸುತ್ತಿದ್ದರು. ತನ್ನ ಶಾಲೆಗೂ ಅದನ್ನೇ ತಂದ ಬೆಲ್ 1797ರಲ್ಲಿ ಲಂಡನ್ನಿನಲ್ಲಿ ಆ ಪ್ರಯೋಗದ ಪುಸ್ತಕ ಅಚ್ಚುಹಾಕಿಸಿದ. ದೊಡ್ಡ ಹುಡುಗರು ಚಿಕ್ಕವರಿಗೆ ಕಲಿಸುವ ಪದ್ಧತಿಯ ಜೊತೆಗೆ ಮರಳಿನ ತಟ್ಟೆಯೂ ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳನ್ನು ಹೊಕ್ಕಿತು.

ಇನ್ನೂ ವಿವರವಾದ ಚಿತ್ರ ಸಿಗುವುದು ಬಳ್ಳಾರಿಯಿಂದ. ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ಶಾಲೆಗಳ ಲೆಕ್ಕ ಕೇಳಿದಾಗ, ತೆಲುಗು ವ್ಯಾಕರಣ ಬರೆದಿದ್ದ ಎ. ಡಿ. ಕ್ಯಾಂಬೆಲ್ ಬಳ್ಳಾರಿಯ ಕಲೆಕ್ಟರ್ ಆಗಿದ್ದ. 1823ರ ಅವನ ವರದಿಯ ಪ್ರಕಾರ ಜಿಲ್ಲೆಯಲ್ಲಿ 533 ಶಾಲೆಗಳು, 6,641 ಮಕ್ಕಳು; 235 ಶಾಲೆಗಳು ಕನ್ನಡದವು. ಅವನ ಕಣ್ಣಿಗೆ ಬಿದ್ದ ಮುಖ್ಯ ಸಂಗತಿ ಇದು: ಯುರೋಪಿನ ಮಗು ಅಕ್ಷರವನ್ನು ಉಚ್ಚರಿಸಿ ಕಲಿಯುತ್ತದೆ, ಇಲ್ಲಿನ ಮಗು ಮರಳಿನಲ್ಲಿ ಬೆರಳಿನಿಂದ ಬರೆದು ಕಲಿಯುತ್ತದೆ. ಬೆರಳು ಪಳಗಿದ ಮೇಲೆಯೇ ಓಲೆಗರಿಯ ಮೇಲೆ ಕಂಟ, ಕಾಗದದ ಮೇಲೆ ಲಾಳದ ಕಡ್ಡಿ, ಇಲ್ಲವೇ ಹಲಗೆ ಮತ್ತು ಕಡತದ ಮೇಲೆ ಬಳಪ. ಅನ್ನ ಮತ್ತು ಇದ್ದಿಲಪುಡಿ ಬಳಿದು ನಯಮಾಡಿದ ಮರ ಹಲಗೆಯಾಗುತ್ತಿತ್ತು. ಗಂಜಿ ಹಾಕಿದ ಬಟ್ಟೆಯನ್ನು ಪುಸ್ತಕದಂತೆ ಮಡಿಚಿ, ಇದ್ದಿಲು ಅಂಟು ಬಳಿದರೆ ಕಡತ. ಒದ್ದೆ ಬಟ್ಟೆಯಿಂದ ಒರೆಸಿದರೆ ಮತ್ತೆ ಹೊಸದು. ಇಂದು ಕಚೇರಿಗಳಲ್ಲಿ ವರ್ಷಗಟ್ಟಲೆ ಕೂರುವ ಕಡತಕ್ಕೆ ಆ ಹೆಸರು ಬಂದದ್ದು ಇಂಥ ಅಳಿಸಬಲ್ಲ ವಸ್ತುವಿನಿಂದ. ಕ್ಯಾಂಬೆಲ್ ಎಲ್ಲವನ್ನೂ ಹೊಗಳಲಿಲ್ಲ. ಅರ್ಥ ತಿಳಿಯದ ಪದ್ಯಗಳನ್ನು ಗಟ್ಟಿಮಾಡಿಸುತ್ತಾರೆಂದು ಬೇಸರಪಟ್ಟ. ಆದರೆ ಬರಹ ಕಲಿಸುವ ಮಿತವ್ಯಯದ ರೀತಿ ಮಾತ್ರ ಇಂಗ್ಲೆಂಡು ಅನುಸರಿಸಿದ್ದಕ್ಕೆ ಯೋಗ್ಯವಾದದ್ದು ಎಂದು ಒಪ್ಪಿಕೊಂಡ.

ಈ ವರದಿಗಳನ್ನು ದಫ್ತರಗಳ ಧೂಳಿನಿಂದ ಎತ್ತಿ 1983ರಲ್ಲಿ 'ದಿ ಬ್ಯೂಟಿಫುಲ್ ಟ್ರೀ' ಎಂಬ ಪುಸ್ತಕದಲ್ಲಿ ಕೊಟ್ಟವರು ಧರಂಪಾಲ್. ಕೊನೆಯ ವರ್ಷಗಳನ್ನು ಅವರು ಕಳೆದದ್ದು ನಾಗಪುರದಿಂದ ಸುಮಾರು 75 ಕಿಲೋಮೀಟರ್ ದೂರದ ಸೇವಾಗ್ರಾಮದಲ್ಲಿ; 2006ರಲ್ಲಿ ತೀರಿಕೊಂಡದ್ದೂ ಅಲ್ಲೇ. ಬಳ್ಳಾರಿಯ ಮರಳಿನ ಕಥೆಯನ್ನು ನಮಗೆ ಮರಳಿಸಿದವರು ವಿದರ್ಭದ ಮಣ್ಣಿನಲ್ಲಿ ಬಾಳಿದರೆಂಬುದು ಇಲ್ಲಿನ ಕನ್ನಡಿಗನಾದ ನನಗೆ ಹತ್ತಿರದ ಸಂಗತಿ.

ಮರಳಿನ ಗುಣ ಏನು? ಬೆರಳಿಗೆ ಅದು ಒರಟು. ಗೆರೆ ಎಲ್ಲಿ ತಿರುಗಿತು ಎಂಬುದು ಚರ್ಮಕ್ಕೆ ತಿಳಿಯುತ್ತದೆ. ಮೇಷ್ಟ್ರು ಬರೆದ ಅಕ್ಷರದ ಮೇಲೆ ಮಗು ಎರಡು ಸಲ ಬೆರಳಾಡಿಸುವಷ್ಟರಲ್ಲಿ ಅಂಚು ಕುಸಿದು ಆಕಾರ ಮಸುಕಾಗುತ್ತದೆ. ಮೂರನೆಯ ಸಲಕ್ಕೆ ನೆನಪಿನಿಂದಲೇ ಬರೆಯಬೇಕು. ಮೇಲ್ಪಂಕ್ತಿ ತಾನಾಗಿ ಅಳಿದು ಮಗುವನ್ನು ಅದರ ಕೈಗೇ ಬಿಡುತ್ತದೆ. ಸ್ಲೇಟು ಈ ಗುಣವನ್ನು ಅರ್ಧ ಉಳಿಸಿಕೊಂಡಿತು: ಮೇಷ್ಟ್ರು ದೊಡ್ಡದಾಗಿ ಬರೆದ ಅ ಮೇಲೆ ಬಳಪದಿಂದ ತಿದ್ದಿ ತಿದ್ದಿ ಅದು ಬೆರಳಗಲ ದಪ್ಪವಾದ ಮೇಲೆ, ಒರೆಸಿ, ಪಕ್ಕದಲ್ಲಿ ತಾನೇ ಬರೆಯಬೇಕಿತ್ತು. ಅಚ್ಚಿನ ಕಿತ್ತಾ ಬಂದಾಗ ಒರೆಸುವ ಭಾಗ ಹೋಯಿತು.

ಮಾರಿಯಾ ಮಾಂಟೆಸ್ಸೊರಿ ಈ ದಾರಿಗೆ ಬಂದದ್ದು ಬೇರೆ ಕಡೆಯಿಂದ. 1907ರ ಜನವರಿ 6ರಂದು ರೋಮ್ ನಗರದ ಸಾನ್ ಲೊರೆನ್ಝೊ ಕೇರಿಯಲ್ಲಿ ಅವರ ಮೊದಲ ಮಕ್ಕಳ ಮನೆ ತೆರೆಯಿತು. ಸ್ಯಾಂಡ್‌ಪೇಪರಿನಿಂದ ಕತ್ತರಿಸಿ ಹಲಗೆಗೆ ಅಂಟಿಸಿದ ಅಕ್ಷರದ ಮೇಲೆ ಮಗು ಬೆರಳಾಡಿಸುತ್ತ ಅದರ ಧ್ವನಿ ಹೇಳುತ್ತಿತ್ತು. ಪೆನ್ಸಿಲ್ ಹಿಡಿಯುವ ಕೈ ಪಳಗಲು ಲೋಹದ ಆಕೃತಿಗಳ ಅಂಚಿನಲ್ಲಿ ಗೆರೆ ಎಳೆಯುವ ಕೆಲಸ ಬೇರೆಯೇ ಇತ್ತು. ಎರಡೂ ಹದಕ್ಕೆ ಬಂದ ದಿನ ಮಕ್ಕಳು ಯಾರೂ ಹೇಳದೆಯೇ ಬರೆಯತೊಡಗಿದರು. ನೂರು ಸಲ ತಿದ್ದಿಸುವುದು ಅವರ ವಿಧಾನವಾಗಿರಲಿಲ್ಲ. 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದ ಅವರು ಮಹಾಯುದ್ಧದಿಂದಾಗಿ 1946ರವರೆಗೆ ಭಾರತದಲ್ಲೇ ಉಳಿದು ಶಿಕ್ಷಕರಿಗೆ ತರಬೇತಿ ಕೊಟ್ಟರು. ಇಂದು ನರ್ಸರಿಗಳ ಬೋರ್ಡಿನಲ್ಲಿ ಅವರ ಹೆಸರು ಎಲ್ಲ ಊರುಗಳಲ್ಲೂ ಇದೆ. ಒರಟು ಅಕ್ಷರ ಇರುವ ಕಡೆ ಕಡಿಮೆ.

ಸೇವಾಗ್ರಾಮದ ಕಡೆಯಿಂದ ಬಂದ ಮಾತು ಇನ್ನೂ ಮೂಲಭೂತವಾದದ್ದು. ಗಾಂಧೀಜಿಗೆ ತಮ್ಮ ಕೆಟ್ಟ ಕೈಬರಹದ ಬಗ್ಗೆ ಜೀವನವಿಡೀ ನಾಚಿಕೆಯಿತ್ತು. ಮಗು ಹೂವು ಹಕ್ಕಿಗಳನ್ನು ಗುರುತಿಸುವಂತೆ ಅಕ್ಷರಗಳನ್ನು ಮೊದಲು ಕಣ್ಣಿನಿಂದ ಗುರುತಿಸಲಿ, ಚಿತ್ರ ಬರೆಯಲು ಕಲಿಯಲಿ, ಆಮೇಲೆ ಬರೆಯಲಿ ಎಂದು ಅವರು ಆತ್ಮಕಥೆಯಲ್ಲೇ ಹೇಳಿದ್ದರು. 1937ರ ಅಕ್ಟೋಬರ್ 22 ಮತ್ತು 23ರಂದು ವಾರ್ಧಾದಲ್ಲಿ ಸೇರಿದ ಶಿಕ್ಷಣ ಸಮ್ಮೇಳನದಿಂದ, ಕೈಕೆಲಸದ ಮೂಲಕ ಕಲಿಸುವ ನಯೀ ತಾಲೀಮ್ ಹುಟ್ಟಿತು. ತಕಲಿಯಲ್ಲಿ ನೂಲು ತೆಗೆಯುವ ಬೆರಳಿಗೆ ಬರುವ ಹಿಡಿತ ಲೇಖನಿಗೂ ಒದಗುತ್ತದೆ ಎಂಬುದು ನನ್ನ ನಂಬಿಕೆ. ಬರಹಕ್ಕೆ ಅವಸರಪಡಬೇಡಿ ಎಂಬ ಆ ಮಾತನ್ನಂತೂ ಮಕ್ಕಳ ಬೆಳವಣಿಗೆಯ ಅಧ್ಯಯನಗಳು ಗಟ್ಟಿಮಾಡಿವೆ: ನೋಡಿ ಸೊನ್ನೆ ಬರೆಯುವುದು ಮೂರರ ಸುಮಾರಿಗೆ, ಕೂಡುವ ಚಿಹ್ನೆ ನಾಲ್ಕರ ಸುಮಾರಿಗೆ, ಓರೆಗೆರೆಗಳ ತ್ರಿಕೋನ ಐದರ ಸುಮಾರಿಗೆ. ಎರಡೂವರೆ ವರ್ಷದ ಮಗುವಿಗೆ ಪೆನ್ಸಿಲ್ ಕೊಟ್ಟು ಕ್ಷ ತಿದ್ದಿಸುವವರು ಇದನ್ನು ನೋಡಬೇಕು.

ಪ್ರಯೋಗಗಳ ಕಾಲ ಬಂದದ್ದು ಆಮೇಲೆ. ಅಮೆರಿಕದ ಗ್ರೇಸ್ ಫರ್ನಾಲ್ಡ್ ಓದು ಹತ್ತದ ಮಕ್ಕಳಿಗೆ ದೊಡ್ಡ ಅಕ್ಷರದಲ್ಲಿ ಪದ ಬರೆದುಕೊಟ್ಟು, ಬೆರಳಿನಿಂದ ತಿದ್ದುತ್ತ ಹೇಳಿಸಿ, ಕೊನೆಗೆ ನೋಡದೆ ಬರೆಸುತ್ತಿದ್ದರು; 1943ರಲ್ಲಿ ಅವರ ಪುಸ್ತಕ ಬಂತು. ಫ್ರಾನ್ಸಿನಲ್ಲಿ ಫ್ಲೋರೆನ್ಸ್ ಬಾರಾ ಮತ್ತು ಸಂಗಡಿಗರು 2004ರಲ್ಲಿ, ಉಬ್ಬಕ್ಷರವನ್ನು ಬೆರಳಿನಿಂದ ಮುಟ್ಟಿ ಕಲಿತ ಶಿಶುವಿಹಾರದ ಮಕ್ಕಳಿಗೆ ಓದು ಹೆಚ್ಚು ಸಲೀಸಾಗುತ್ತದೆ ಎಂದು ತೋರಿಸಿದರು. ವರ್ಜೀನಿಯಾ ಬರ್ನಿಂಜರ್ 1997ರಲ್ಲಿ ಒಂದನೆಯ ತರಗತಿಯ 144 ಮಕ್ಕಳಲ್ಲಿ ಹಲವು ವಿಧಾನಗಳನ್ನು ಹೋಲಿಸಿದರು. ಗೆದ್ದದ್ದು ಇದು: ಗೆರೆಯ ಕ್ರಮ ತೋರಿಸುವ ಬಾಣಗಳನ್ನು ನೋಡುವುದು, ಅಕ್ಷರವನ್ನು ಮುಚ್ಚುವುದು, ನೆನಪಿನಿಂದ ಬರೆಯುವುದು.

ಚುಕ್ಕಿಪುಸ್ತಕಗಳ ಬಗ್ಗೆ ನನ್ನನ್ನು ಯೋಚನೆಗೆ ಹಚ್ಚಿದ್ದು 2012ರ ಕ್ಯಾರಿನ್ ಜೇಮ್ಸ್ ಮತ್ತು ಲಾರಾ ಎಂಗಲ್‌ಹಾರ್ಟ್ ಅವರ ಅಧ್ಯಯನ. ಇನ್ನೂ ಓದು ಬಾರದ ಐದು ವರ್ಷದ ಮಕ್ಕಳು ಕೆಲವು ಅಕ್ಷರಗಳನ್ನು ಸ್ವತಂತ್ರವಾಗಿ ಬರೆದರು, ಕೆಲವನ್ನು ತಿದ್ದಿದರು, ಕೆಲವನ್ನು ಕೀಲಿಮಣೆಯಲ್ಲಿ ಒತ್ತಿದರು. ಆಮೇಲೆ ಮಿದುಳಿನ ಚಿತ್ರ ತೆಗೆದರೆ, ಓದುವಾಗ ಎಚ್ಚರಾಗುವ ಭಾಗಗಳು ಸ್ವತಂತ್ರವಾಗಿ ಬರೆದ ಅಕ್ಷರಗಳಿಗೆ ಎಚ್ಚರಾದಂತೆ ಉಳಿದವಕ್ಕೆ ಆಗಲಿಲ್ಲ. ಮಗು ತಾನೇ ಬರೆದ ಹತ್ತು ಸೊಟ್ಟ ಅಕ್ಷರಗಳು ಹತ್ತೂ ಬೇರೆ ಬೇರೆ. ಅವೆಲ್ಲ ಒಂದೇ ಅಕ್ಷರ ಎಂಬ ತಿಳಿವು ಆ ಸೊಟ್ಟತನದಿಂದಲೇ ಬರುತ್ತದೆ ಎಂಬುದು ಅವರ ವಿವರಣೆ. ಚುಕ್ಕಿ ಹಿಡಿದ ಕಣ್ಣಿಗೆ ಮುಂದಿನ ಚುಕ್ಕಿಯಷ್ಟೇ ಗುರಿ. ಗಾಜಿನ ಪರದೆಯ ಆ್ಯಪುಗಳಲ್ಲಿ ಬೆರಳಿಗೆ ಒರಟೂ ಸಿಗದು. ಮುಗಿದ ಕೂಡಲೇ ಚಪ್ಪಾಳೆ ಕೇಳಿಸುತ್ತದೆ, ಅಕ್ಷರ ಕೈಯಲ್ಲಿ ಉಳಿಯಿತೇ ಎಂದು ಕೇಳುವವರಿಲ್ಲ.

ಇನ್ನೊಂದು ಬದಲಾವಣೆ ಅಕ್ಷರಗಳ ಕ್ರಮದಲ್ಲಿ ಆಯಿತು. ಮರಾಠಿಯಲ್ಲಿ ಗಮಭನ ಎಂದರೆ ಯಾವುದೇ ವಿದ್ಯೆಯ ಮೊದಲ ಪಾಠ. ದೇವನಾಗರಿಯಲ್ಲಿ ಆ ನಾಲ್ಕೂ ಅಕ್ಷರಗಳಿಗೆ ಬಲಗಡೆ ಒಂದೇ ನೆಟ್ಟಗಿನ ಕಂಬ. ಕರ್ನಾಟಕದಲ್ಲಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ಎಂಬ ಕಲಿಕೆಯ ಪದ್ಧತಿ ವರ್ಣಮಾಲೆಯ ಸಾಲು ಬಿಟ್ಟು ರ ಗ ಸ ದ ಅ ಎಂದು ಹೊರಟಿತು, ಆಮೇಲೆ ಜ ವ ಮ ಬ ನ. ದ ಬಂದ ಕೈಗೆ ಧ, ಥ ದೂರವಲ್ಲ. ವ ಬಂದರೆ ಮ, ಪ, ಷ ನೆಂಟರು. ಗೋಡೆಯ ಕೆಳಭಾಗದಲ್ಲಿ ಮಗುವಿನ ಎತ್ತರಕ್ಕೆ ಕಪ್ಪುಹಲಗೆ ಬಳಿದದ್ದೂ ನಲಿ-ಕಲಿಯ ಒಳ್ಳೆಯ ಕೆಲಸ. ಬರೆದು ಒರೆಸುವ ಸುಖ ಮಕ್ಕಳಿಗೆ ಮರಳಿ ಸಿಕ್ಕಿತು. ಆದರೂ ಕಾಗುಣಿತ, ಒತ್ತಕ್ಷರ ಸೇರಿದ ಕನ್ನಡದ ಅಕ್ಷರಲೋಕ ಪೂರ್ತಿ ಕೈಗೆ ಬರಲು ನಾಲ್ಕೈದನೇ ತರಗತಿಯವರೆಗೂ ಕಾಲ ಹಿಡಿಯುತ್ತದೆ ಎಂದು ಬೆಂಗಳೂರಿನ ಸೊನಾಲಿ ನಾಗ್ 2007ರಲ್ಲಿ ತೋರಿಸಿದರು. ಯುಕೆಜಿಯಲ್ಲೇ ಮುಗಿಸುವ ಲೆಕ್ಕ ಎಲ್ಲಿಂದ ಬಂತೋ.

ನಾಗಪುರದ ಕನ್ನಡ ಮಗುವಿಗೆ ಎರಡು ಕೈ ಬೇಕು. ಶಾಲೆಯ ಕೈ ಕಂಬ ನಿಲ್ಲಿಸಿ ಮೇಲೆ ಶಿರೋರೇಖೆ ಎಳೆಯುತ್ತದೆ; ಮನೆಯ ಕೈ ಸುತ್ತು ತಿರುಗಿಸಿ, ತಲೆಕಟ್ಟಿರುವ ಪ್ರತಿ ಅಕ್ಷರಕ್ಕೂ ಅದನ್ನು ಬೇರೆಯಾಗಿ ಇಡಬೇಕು. ರಸ ಎಂದು ಬರೆದು, ಎರಡು ತಲೆಕಟ್ಟುಗಳನ್ನೂ ಕೂಡಿಸಿ ಒಂದೇ ಗೆರೆ ಎಳೆದ ಹುಡುಗಿಯನ್ನು ನಾನು ನೋಡಿದ್ದೇನೆ. ಅವಳ ತಾಯಿ ಗದರಲಿಲ್ಲ. ಅಗಲ ತಟ್ಟೆಗೆ ರವೆ ಹರಡಿ, ತಾವೊಮ್ಮೆ ದೊಡ್ಡದಾಗಿ ರ ಬರೆದರು. ಹುಡುಗಿ ಅದರ ಮೇಲೆ ಎರಡು ಸಲ ಬೆರಳಾಡಿಸಿ ರ, ರ ಎಂದಳು. ತಾಯಿ ತಟ್ಟೆಯನ್ನು ಮೆಲ್ಲಗೆ ಅಲ್ಲಾಡಿಸಿದರು. ರವೆ ಸಮವಾಯಿತು, ಹುಡುಗಿ ಒಂದು ಕ್ಷಣ ಖಾಲಿ ತಟ್ಟೆಯನ್ನು ನೋಡಿ ಬೆರಳಿಟ್ಟಳು.