ಬೇಗಲ್‌ಗೂ ನಮ್ಮ ‘ಬಾಗು’ವಿಗೂ ನಂಟಿಲ್ಲ

ನಡುವೆ ತೂತಿರುವ, ಬೇಯಿಸಿ ಆಮೇಲೆ ಸುಡುವ ಬೇಗಲ್ ಎಂಬ ರೊಟ್ಟಿಯ ಹೆಸರು ಕಿವಿಗೆ ಬಿದ್ದಾಗ ಕನ್ನಡಿಗರಿಗೆ ‘ಬಾಗು’ ನೆನಪಾದರೆ ತಪ್ಪೇನಲ್ಲ. ಅದರ ಅರ್ಥವೂ ಬಾಗಿದ್ದು ಎಂದೇ. ಯಿಡ್ಡಿಶ್ ಭಾಷೆಯ ‘ಬೇಗ್ಲ್’ ಹಳೆಯ ಜರ್ಮನ್‌ನಲ್ಲಿ ಉಂಗುರ, ಬಳೆ ಎಂಬ ಅರ್ಥವಿದ್ದ ಪದದಿಂದ ಬಂತು. ಅದರ ಹಿಂದೆ ಬಾಗಿಸು ಎಂಬ ಧಾತುವಿದೆ. ಆದರೆ ಆ ಧಾತುವಿನ ಭಾರತದ ಬಂಧು ‘ಬಾಗು’ ಅಲ್ಲ, ಸಂಸ್ಕೃತದ ‘ಭುಜ್’. ಬಳುಕುತ್ತ ಹೋಗುವ ‘ಭುಜಂಗ’ದಲ್ಲಿರುವುದು ಅದೇ. ಕನ್ನಡದ ‘ಬಾಗು’ ದ್ರಾವಿಡ ಪದ, ಸದ್ದಿನ ಹೋಲಿಕೆ ಬರೀ ಆಕಸ್ಮಿಕ. ಭಾಷಾಶಾಸ್ತ್ರ ಓದಿದವರಿಗೆ ಇಂಥ ಆಕಸ್ಮಿಕಗಳನ್ನು ಒಪ್ಪಿಕೊಳ್ಳಲು ಸ್ವಲ್ಪ ಸಂಕಟವಾಗುತ್ತದೆ.

ಇಂಥದೇ ಹೋಲಿಕೆಯಿಂದ ಒಂದು ದಂತಕಥೆಯೂ ಹುಟ್ಟಿದೆ. 1683ರಲ್ಲಿ ಪೋಲೆಂಡಿನ ದೊರೆ ಯಾನ್ ಸೊಬಿಯೆಸ್ಕಿ ವಿಯೆನ್ನಾವನ್ನು ತುರ್ಕರ ಮುತ್ತಿಗೆಯಿಂದ ಪಾರುಮಾಡಿದನಂತೆ. ಕುದುರೆ ಪ್ರಿಯನಾದ ಆತನ ಗೌರವಕ್ಕೆ ಬೇಕರಿಯವನೊಬ್ಬ ರಿಕಾಪಿನ ಆಕಾರದ ರೊಟ್ಟಿ ಮಾಡಿದನಂತೆ. ಜರ್ಮನ್‌ನಲ್ಲಿ ರಿಕಾಪಿಗೆ ‘ಶ್ಟೈಗ್‌ಬ್ಯೂಗೆಲ್’ ಅನ್ನುತ್ತಾರೆ, ಅಲ್ಲಿಂದ ಬೇಗಲ್. ಮೊದಲ ಭಾಗ ಇತಿಹಾಸ, ಎರಡನೆಯದು ಕಟ್ಟುಕಥೆ. ಏಕೆಂದರೆ ಇದಕ್ಕೂ 73 ವರ್ಷ ಮೊದಲು, 1610ರಲ್ಲಿ, ಕ್ರಾಕೋವ್ ನಗರದ ಯಹೂದಿ ಸಮುದಾಯದ ಮಂಡಳಿ ಮಾಡಿದ ಕಟ್ಟಳೆಗಳಲ್ಲೇ ಬೇಗಲ್ ಕಾಣಿಸಿಕೊಳ್ಳುತ್ತದೆ. ಅವು ಸಮಾರಂಭಗಳ ದುಂದುವೆಚ್ಚಕ್ಕೆ ಕಡಿವಾಣ ಹಾಕುವ ಕಟ್ಟಳೆಗಳು. ಬೇಗಲ್ಲಿನ ಮಾತು ಬರುವುದು ಮಗು ಹುಟ್ಟಿದ ಮನೆಯ ಸಂಭ್ರಮದ ಸಂದರ್ಭದಲ್ಲಿ. ಬಾಣಂತಿಯ ಮನೆಗೆ ಏನು ಒಯ್ಯಬೇಕು, ಎಷ್ಟು ಒಯ್ಯಬೇಕು ಎಂಬ ಲೆಕ್ಕಾಚಾರ ನಮಗೇನೂ ಹೊಸದಲ್ಲ.

ದುಂದುವೆಚ್ಚದ ಪಟ್ಟಿಗೆ ಒಂದು ರೊಟ್ಟಿ ಯಾಕೆ ಸೇರಬೇಕು? ಕಾರಣ ಹಿಟ್ಟು. ಪೋಲೆಂಡಿನ ಬಡವರ ದಿನನಿತ್ಯದ ಅನ್ನ ರೈ ಧಾನ್ಯದ ಕಪ್ಪು ರೊಟ್ಟಿ, ಬಿಳಿ ಗೋಧಿ ದುಬಾರಿ. ಬೇಗಲ್ಲಿನ ಹಿರಿಯ ಬಂಧು ‘ಒಬ್‌ವಾಜಾನೆಕ್’ 1394ರ ಪೋಲಿಷ್ ಅರಮನೆಯ ಲೆಕ್ಕಪತ್ರದಲ್ಲಿ ರಾಣಿ ಯಾದ್ವಿಗಾಳ ಖರ್ಚಿನಲ್ಲಿದೆ. ಆ ಹೆಸರಿನ ಅರ್ಥವೇ ‘ನೀರಲ್ಲಿ ಬೆಂದದ್ದು’. ಈಗ ‘ಪರ್ಯಾಯ ಹಿಟ್ಟಿನ ಬೇಗಲ್’ ಎಂದು ಎಲ್ಲರೂ ಗೋಧಿ ಬಿಟ್ಟು ಬೇರೆಡೆ ನೋಡುತ್ತಿದ್ದಾರೆ. ಬೇಗಲ್ ಹುಟ್ಟಿದ ಕಾಲದಲ್ಲಿ ಗೋಧಿಯೇ ಪರ್ಯಾಯ ಹಿಟ್ಟಾಗಿತ್ತು. ನಮ್ಮ ಅಜ್ಜಿಯ ಕಾಲದಲ್ಲೂ ದಿನಾ ಜೋಳದ ರೊಟ್ಟಿ, ಬೀಗರು ಬಂದರೆ ಗೋಧಿ ಚಪಾತಿ.

ಪೂರ್ವ ಯುರೋಪಿನ ಯಹೂದಿಗಳ ಜೊತೆ ಬೇಗಲ್ ನ್ಯೂಯಾರ್ಕಿಗೆ ಹೋಯಿತು. ಅಲ್ಲಿ ಅದು ತಯಾರಾಗುತ್ತಿದ್ದುದು ನೆಲಮಾಳಿಗೆಗಳ ಸೆಕೆಯಲ್ಲಿ, ರಾತ್ರಿಪಾಳಿಯಲ್ಲಿ. ಹಿಟ್ಟು ಹೊಸೆದು ಸುತ್ತುವವರು ಬೇರೆ, ಕೊಪ್ಪರಿಗೆಯಲ್ಲಿ ಬೇಯಿಸುವವನು ಬೇರೆ, ಒಲೆಯವನು ಬೇರೆ. ಈ ಕೆಲಸಗಾರರು ಕಟ್ಟಿದ ‘ಬೇಗಲ್ ಬೇಕರ್ಸ್ ಲೋಕಲ್ 338’ ಎಂಬ ಸಂಘದಲ್ಲಿದ್ದವರು ಹೆಚ್ಚೆಂದರೆ 300 ಮಂದಿ. ಒಳಗೆ ಹೋಗಬೇಕಾದರೆ ಅಪ್ಪನೋ ಮಾವನೋ ಸದಸ್ಯನಾಗಿರಬೇಕಿತ್ತು. ಕುಲಕಸುಬನ್ನು ಅಮೆರಿಕದಲ್ಲಿ ಕಾರ್ಮಿಕ ಸಂಘವೇ ಕಾಯ್ದುಕೊಂಡದ್ದು ವಿಚಿತ್ರ ಎನಿಸುತ್ತದೆ, ಆದರೆ ಅದರಿಂದ ಸಿಕ್ಕ ಕೂಲಿಯೂ ಚೆನ್ನಾಗಿತ್ತು. 1951ರ ಡಿಸೆಂಬರ್‌ನಲ್ಲಿ ಅವರು ಕೆಲಸ ನಿಲ್ಲಿಸಿದಾಗ ನಗರದ ಪತ್ರಿಕೆಗಳು ಬೇಗಲ್ ಬರಗಾಲದ ಬಗ್ಗೆ ಬರೆದವು.

ಆ ಬಲ ಮುರಿದದ್ದು ಯಂತ್ರದಿಂದ. ಡೇನಿಯಲ್ ಥಾಂಪ್ಸನ್ ಎಂಬಾತ ಬೇಗಲ್ ಸುತ್ತುವ ಯಂತ್ರ ಮಾಡಿದ. 1963ರಲ್ಲಿ ಕನೆಕ್ಟಿಕಟ್ ರಾಜ್ಯದ ಲೆಂಡರ್ ಕುಟುಂಬ ಅದನ್ನು ಬಾಡಿಗೆಗೆ ತಂದಿತು. ಪೋಲೆಂಡಿನಿಂದ ಬಂದ ಹ್ಯಾರಿ ಲೆಂಡರ್ ಹಾಕಿದ ಚಿಕ್ಕ ಬೇಕರಿಯನ್ನು ಮಕ್ಕಳು ಬೆಳೆಸಿ, ಬೇಗಲ್ಲನ್ನು ಹೆಪ್ಪುಗಟ್ಟಿಸಿ ದೇಶದುದ್ದಕ್ಕೂ ಮಾರಿದರು. 1984ರಲ್ಲಿ ಕಂಪನಿಯನ್ನು ಕ್ರಾಫ್ಟ್‌ಗೆ ಮಾರಿದರು. ಕೈಯಲ್ಲಿ ಸುತ್ತುವವರ ಸಂಘ ಅಷ್ಟರಲ್ಲಿ ಇಲ್ಲವಾಗಿತ್ತು. ಒಂದು ಮನೆತನದ ಮಕ್ಕಳು ಗೆದ್ದದ್ದರಿಂದಲೇ ಇನ್ನು ಕೆಲವು ನೂರು ಮನೆತನಗಳ ಮಕ್ಕಳ ಕೈಯಿಂದ ಕಸುಬು ಹೋಯಿತು. ಅಪ್ಪನಿಂದ ಮಗನಿಗೆ ಹೋಗುವ ಕಸುಬಿನ ಬಗ್ಗೆ ನನಗೆ ಮೋಹವೇನಿಲ್ಲ, ಆದರೂ ಇದನ್ನು ಬರೀ ಯಶಸ್ಸಿನ ಕಥೆಯಾಗಿ ಹೇಳುವುದು ನನಗೆ ಹಿಡಿಸುವುದಿಲ್ಲ.

ಗೋಧಿಯ ವಿಷಯಕ್ಕೆ ಮರಳೋಣ. ವಿಲ್ಲೆಮ್ ಡಿಕೆ ಎಂಬ ಡಚ್ ಮಕ್ಕಳ ವೈದ್ಯ 1930ರ ದಶಕದಿಂದಲೇ ಒಂದು ಅನುಮಾನ ಇಟ್ಟುಕೊಂಡಿದ್ದರು: ಸೀಲಿಯಾಕ್ ಕಾಯಿಲೆಯಿಂದ ಸೊರಗುವ ಮಕ್ಕಳಿಗೆ ಗೋಧಿಯೇ ವಿಷವಾಗುತ್ತಿದೆಯೆ? 1944–45ರ ಚಳಿಗಾಲದಲ್ಲಿ ನಾಜಿ ಆಕ್ರಮಿತ ನೆದರ್‌ಲ್ಯಾಂಡ್ಸ್‌ನಲ್ಲಿ ಭೀಕರ ಹಸಿವು, ಬ್ರೆಡ್ ಸಿಗದ ಸ್ಥಿತಿ. ಊರೆಲ್ಲ ಬಡಕಲಾಗುತ್ತಿದ್ದಾಗ ಈ ಮಕ್ಕಳು ಚೇತರಿಸಿಕೊಂಡರು. ಬ್ರೆಡ್ ಮತ್ತೆ ಬಂದಾಗ ಕಾಯಿಲೆಯೂ ಮರಳಿತು. 1950ರಲ್ಲಿ ಡಿಕೆ ತಮ್ಮ ಪ್ರಬಂಧ ಪ್ರಕಟಿಸಿದರು. ಅಪರಾಧಿ ಗ್ಲುಟೆನ್ ಎಂಬುದು ಬೇಗ ಖಚಿತವಾಯಿತು.

ಇದನ್ನೆಲ್ಲ ನಾನು ಓದಿದ್ದು ಮಗಳಿಗೆ ಆರನೇ ವಯಸ್ಸಿನಲ್ಲಿ ಅದೇ ಕಾಯಿಲೆ ಎಂದು ಗೊತ್ತಾದ ಮೇಲೆ. ನಾವಿರುವುದು ಪುಣೆಯಲ್ಲಿ, ಜೋಳಕ್ಕೆ ಕೊರತೆಯಿಲ್ಲ. ಕಷ್ಟವಿರುವುದು ಗಿರಣಿಯಲ್ಲಿ: ಗೋಧಿ ಬೀಸಿದ ಕಲ್ಲಿಗೇ ಜೋಳ ಹಾಕಿದರೆ ಅವಳಿಗೆ ಆ ಹಿಟ್ಟು ಆಗದು. ಹಾಗಾಗಿ ಮನೆಯಲ್ಲೇ ಚಿಕ್ಕ ಗಿರಣಿ ಬಂತು. ರೊಟ್ಟಿ ತಿನ್ನುತ್ತಾಳೆ, ಅದರಲ್ಲಿ ಅವಳಿಗೆ ದೂರಿಲ್ಲ. ಆದರೆ ಗೆಳತಿಯರು ತಿನ್ನುವ ತೂತಿನ ಬ್ರೆಡ್ ಅವಳಿಗೂ ಬೇಕಾಯಿತು.

ಬೇಗಲ್ಲಿನ ಜಗಿತವೆಲ್ಲ ಗ್ಲುಟೆನ್ನಿನದೇ. ಅದಿಲ್ಲದ ಹಿಟ್ಟು ಕುದಿಯುವ ನೀರಿಗೆ ಬಿದ್ದರೆ ಕರಗಿ ಗಂಜಿಯಾಗುತ್ತದೆ. ಇಲ್ಲಿ ನೆರವಿಗೆ ಬರುವುದು ಜೋಳದ ರೊಟ್ಟಿಯ ಹಳೆಯ ಉಪಾಯ. ಕುದಿನೀರು ಹಾಕಿ ಕಲಸಿದಾಗ ಪಿಷ್ಟ ಊದಿ ಅಂಟಾಗುತ್ತದೆ, ಆ ಅಂಟಿನ ಬಲದಲ್ಲೇ ನಾವು ರೊಟ್ಟಿ ಬಡಿಯುವುದು. ಬೇಗಲ್ಲನ್ನು ಒಲೆಗೆ ಹಾಕುವ ಮೊದಲು ಬೇಯಿಸುವುದರ ಗುಟ್ಟೂ ಇದೇ: ಮೇಲ್ಮೈಯ ಪಿಷ್ಟ ಅಂಟಾಗಿ, ಹೊಳೆಯುವ ಗಟ್ಟಿ ಸಿಪ್ಪೆ ಕಟ್ಟುತ್ತದೆ. ಆದರೆ ಇದೊಂದೇ ಸಾಲದು, ಇಸಬ್‌ಗೋಲ್ ಬೇಕು. ಗ್ಲುಟೆನ್ ಇಲ್ಲದ ಬ್ರೆಡ್ಡಿಗೆ ಯುರೋಪು, ಅಮೆರಿಕದವರು ಬಳಸುವ ಈ ಹೊಟ್ಟಿನ ಬಹುಪಾಲು ಹೋಗುವುದು ಭಾರತದಿಂದ, ಅದರಲ್ಲೂ ಗುಜರಾತಿನ ಉಂಝಾ, ಸಿದ್ಧಪುರದ ಕಡೆಯಿಂದ. ನಮ್ಮಲ್ಲಿ ಅದು ಇನ್ನೂ ಮಲಬದ್ಧತೆಯ ಔಷಧಿ.

ಭಾನುವಾರದ ಹಂಚಿಕೆ ಹೀಗಿದೆ. 300 ಗ್ರಾಂ ಹಿಟ್ಟಿನಲ್ಲಿ ಎರಡು ಪಾಲು ಜೋಳ, ಒಂದು ಪಾಲು ಮರಗೆಣಸಿನ ಪಿಷ್ಟ. ಜೋಳದ ಅರ್ಧಕ್ಕೆ ಕುದಿನೀರು ಹಾಕುವುದು ಗಂಡನ ಕೆಲಸ. 20 ಗ್ರಾಂ ಇಸಬ್‌ಗೋಲ್ ನೆನೆಸಿ ಲೋಳೆ ಮಾಡುವುದು, ಆರಿದ ಮೇಲೆ ಯೀಸ್ಟ್ ಬೆರೆಸುವುದು ನನ್ನದು. ಬೇಯಿಸುವ ನೀರಿಗೆ ನ್ಯೂಯಾರ್ಕಿನವರು ಬಾರ್ಲಿ ಮಾಲ್ಟ್ ಹಾಕುತ್ತಾರೆ. ಬಾರ್ಲಿಯಲ್ಲೂ ಗ್ಲುಟೆನ್ ಇರುವುದರಿಂದ ನಾವು ಬೆಲ್ಲ ಹಾಕುತ್ತೇವೆ, ಬಣ್ಣ ಚೆನ್ನಾಗಿಯೇ ಬರುತ್ತದೆ. ಅರ್ಧ ನಿಮಿಷ ಬೇಯಿಸಿ, ಎಳ್ಳು ಉದುರಿಸಿ, 220 ಡಿಗ್ರಿಯ ಒವನ್ನಿಗೆ.

ಈ ಹಿಟ್ಟನ್ನು ಹಗ್ಗದಂತೆ ಹೊಸೆದು ಬಾಗಿಸಲು ಬರುವುದಿಲ್ಲ, ಬಿರಿಯುತ್ತದೆ. ಹಾಗಾಗಿ ಉಂಡೆ ಕಟ್ಟಿ, ನಡುವೆ ಹೆಬ್ಬೆರಳು ತೂರಿಸಿ, ಕೋಡುಬಳೆಗಿಂತ ದಪ್ಪನೆಯ ಬಳೆ ಮಾಡಬೇಕು. ಆ ಕೆಲಸ ಮಗಳದು. ಬೇರೆ ಯಾರೂ ಹಿಟ್ಟು ಮುಟ್ಟುವಂತಿಲ್ಲ.