ಕಫ ಮಾದರಿಯ ಸಂಸ್ಕರಣೆ

ಶ್ವಾಸಕೋಶದ ಕ್ಷಯವನ್ನು ಪ್ರಯೋಗಾಲಯದಲ್ಲಿ ಪತ್ತೆಹಚ್ಚುವ ಮೊದಲು ರೋಗಿಯ ಕಫವನ್ನು ಪರೀಕ್ಷೆಗೆ ಹದಗೊಳಿಸುವ ಕ್ರಮ. ಎದೆಯಾಳದಿಂದ ಕೆಮ್ಮಿ ತೆಗೆದ 2ರಿಂದ 5 ಮಿಲಿಲೀಟರ್ ಕಫ ಬೇಕು. ಬರಿಯ ಎಂಜಲಿನಲ್ಲಿ ರೋಗಾಣು ಸಿಗುವ ಸಂಭವ ಕಡಿಮೆ.

ಹೆಚ್ಚಿನ ಎಚ್ಚರ ಬೇಕಾಗುವುದು ರೋಗಾಣುವನ್ನು ಪೋಷಕ ಮಾಧ್ಯಮದಲ್ಲಿ ಬೆಳೆಸಿ ನೋಡುವ ಕೃಷಿ ಪರೀಕ್ಷೆಗೆ. ಕ್ಷಯಾಣು ಒಮ್ಮೆ ವಿಭಜನೆಯಾಗಲು ಸುಮಾರು ಒಂದು ದಿನ ಹಿಡಿಯುತ್ತದೆ. ಕಫದಲ್ಲಿ ಸೇರಿಕೊಂಡ ಬಾಯಿಯ ಬ್ಯಾಕ್ಟೀರಿಯಾಗಳು ಅಷ್ಟರಲ್ಲಿ ಮಾಧ್ಯಮವನ್ನೆಲ್ಲ ಆವರಿಸಿಬಿಡುತ್ತವೆ. ಆದ್ದರಿಂದ ಎನ್-ಅಸಿಟೈಲ್-ಎಲ್-ಸಿಸ್ಟೀನ್ ಬಳಸಿ ಲೋಳೆಯನ್ನು ಕರಗಿಸಿ, ಸೋಡಿಯಂ ಹೈಡ್ರಾಕ್ಸೈಡ್‌ನಿಂದ ಇತರ ಜೀವಿಗಳನ್ನು ಕೊಲ್ಲಲಾಗುತ್ತದೆ. ಮೇಣದಂಥ ಕೋಶಭಿತ್ತಿಯಿರುವ ಕ್ಷಯಾಣು ಈ ಕ್ಷಾರವನ್ನು ಕೆಲಕಾಲ ತಾಳಿಕೊಳ್ಳುತ್ತದೆ, ಸದಾಕಾಲ ಅಲ್ಲ. 15ರಿಂದ 20 ನಿಮಿಷಗಳ ಮಿತಿ ಮೀರಿದರೆ ಅದೂ ಸಾಯುತ್ತದೆ. ರೋಗವಿದ್ದರೂ ಫಲಿತಾಂಶ ‘ಇಲ್ಲ’ ಎಂದು ಬರುವ ಅಪಾಯ ಇಲ್ಲಿದೆ. ಬಳಿಕ 6.8 ಪಿಎಚ್‌ನ ಫಾಸ್ಫೇಟ್ ದ್ರಾವಣ ಬೆರೆಸಿ, 3000 ಜಿ ಬಲದಲ್ಲಿ 15 ನಿಮಿಷ ಅಪಕೇಂದ್ರಕದಲ್ಲಿ ತಿರುಗಿಸಿ, ತಳದಲ್ಲಿ ಕೂತ ಗಸಿಯನ್ನು ಮಾಧ್ಯಮಕ್ಕೆ ಹಾಕುತ್ತಾರೆ. ಲೋವೆನ್‌ಸ್ಟೈನ್-ಜೆನ್ಸನ್ ಮಾಧ್ಯಮದಲ್ಲಿ ಶೇ. 3ರಿಂದ 5ರಷ್ಟು ಕಲುಷಿತ ಮಾದರಿಗಳು ಸಹಜ. ಕಲುಷಿತತೆ ಅದಕ್ಕಿಂತ ತೀರಾ ಕಡಿಮೆಯಿದ್ದರೆ ಸಂಸ್ಕರಣೆ ಅತಿ ಕಟುವಾಗಿದೆಯೆಂದು ಶಂಕಿಸಬೇಕು.

ಜೀನ್‌ಎಕ್ಸ್‌ಪರ್ಟ್ ಎಂಬ ಡಿಎನ್‌ಎ ಪರೀಕ್ಷೆಗೆ ಇಷ್ಟು ಶ್ರಮವಿಲ್ಲ: ಒಂದು ಪಾಲು ಕಫಕ್ಕೆ ಎರಡು ಪಾಲು ಕಾರಕ ಸೇರಿಸಿ, ಕುಲುಕಿ, 15 ನಿಮಿಷ ಬಿಟ್ಟು ಕಾರ್ಟ್ರಿಜ್‌ಗೆ ಸುರಿದರೆ ಸಾಕು.

ಕೃಷಿಗಾಗಿ ಮಾಡುವ ಸಂಸ್ಕರಣೆಯಲ್ಲಿ ಸೋಂಕಿನ ಸೂಕ್ಷ್ಮಹನಿಗಳು ಗಾಳಿಗೆ ಸೇರುವುದರಿಂದ ಆ ಕೆಲಸವನ್ನು ಜೈವಿಕ ಸುರಕ್ಷತಾ ಕಪಾಟಿನೊಳಗೇ ಮಾಡಬೇಕು. ಅಪಕೇಂದ್ರಕದ ಬಟ್ಟಲುಗಳ ಮುಚ್ಚಳವನ್ನೂ ಅಲ್ಲಿಯೇ ತೆರೆಯಬೇಕು.